ಕಾಡು ಗುಡಿಸುತ್ತಿದ್ದ ವೆರ್ನಾ

ಕೂಲ್ಜಿನಪ್ ಊರಿನ ಜನ ವೆರ್ನಾ ಟ್ರೆಲೋರಳ ಬಗ್ಗೆ ಒಂದು ಮಾತು ಆಡುತ್ತಿದ್ದರು: ಆ ಮನೆಯಲ್ಲಿ ಎರಡು ಪೊರಕೆ, ಒಂದು ಮನೆ ಗುಡಿಸುವುದಕ್ಕೆ, ಇನ್ನೊಂದು ಕಾಡು ಗುಡಿಸುವುದಕ್ಕೆ. ಹಾಲು ಬ್ರೆಡ್ಡು ಕೊಳ್ಳಲು ಅಂಗಡಿಗೆ ಬಂದವರು ಬಾಗಿಲಲ್ಲೇ ನಿಂತು ಅದಕ್ಕೆ ಬಾಲ ಸೇರಿಸುತ್ತಿದ್ದರು. "ನಿನ್ನೆ ಒಂದು ಕಾಂಗರೂ ಅವಳ ಹಿತ್ತಲಿಗೆ ಹೋಗೋಕೆ ಮುಂಚೆ ಕಾಲು ಒರೆಸ್ಕೊಳ್ತಂತೆ" ಎಂದು ಒಬ್ಬರು. "ಗಿಳಿಗಳು ಅವಳ ಮರದಲ್ಲಿ ಕಾಯಿ ತಿಂದ್ರೆ ಸಿಪ್ಪೆ ಜೊತೇಲೇ ತಗೊಂಡು ಹೋಗ್ತಾವೆ" ಎಂದು ಇನ್ನೊಬ್ಬರು. ಮಾತು ವೆರ್ನಾಳ ಕಿವಿಗೂ ಬೀಳುತ್ತಿತ್ತು. ಅವಳು ನಕ್ಕು ಸುಮ್ಮನಾಗುವಳು. ಅವಳ ಗಂಡ ರಾಸ್ ಮಾತ್ರ ಉತ್ತರ ಕೊಡುವನು: "ನನ್ನನ್ನೂ ದಿನಕ್ಕೊಂದ್ಸಲ ಗುಡಿಸಿ ಮೂಲೆಗಿಡ್ತಾಳೆ. ನಾನೇನಾದ್ರೂ ದೂರು ಹೇಳಿದೀನಾ?"

ಎರಡು ಪೊರಕೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮರದ ಮಿಲ್ಲಿನ ರಸ್ತೆಯ ಕಟ್ಟಕಡೆಯ ಮನೆ ಅವರದು. ಹಿಂಬಾಗಿಲು ತೆರೆದರೆ ಒಂದು ಎಕರೆ ಕಾಡು: ನಾಲ್ಕಾರು ಜಾರಾ ಮರ, ಬ್ಯಾಂಕ್ಸಿಯಾ ಪೊದೆ, ಬೂದು ಮರಳು. ಬೆಳಗಿನ ಚಹಾ ಮುಗಿದ ಕೂಡಲೇ ವೆರ್ನಾ ಕಬ್ಬಿಣದ ಹಲ್ಲಿನ ಪೊರಕೆ ಹಿಡಿದು ಆ ಕಾಡಿಗೆ ಇಳಿಯುತ್ತಿದ್ದಳು. ಉದುರಿದ ಎಲೆ, ಸುಲಿದ ತೊಗಟೆ, ಮುರಿದ ಕಡ್ಡಿ, ಒಂದನ್ನೂ ಬಿಡುತ್ತಿರಲಿಲ್ಲ. ಶನಿವಾರ ರಾಸ್ ಆ ರಾಶಿಯನ್ನೆಲ್ಲ ಟ್ರೈಲರಿಗೆ ತುಂಬಿ ಊರಾಚೆಯ ಕಸದ ಗುಂಡಿಗೆ ಸುರಿದು ಬರುವನು. ಮದುವೆಯಾದಾಗಿನಿಂದ ಇದೇ ನಡೆದು ಬಂದಿತ್ತು.

ಅದಕ್ಕೆ ಕಾರಣವಿತ್ತು. ವೆರ್ನಾ ಒಂಬತ್ತು ವರ್ಷದವಳಿದ್ದಾಗ, ಆ ಕಡೆಯ ನಡುಬೇಸಿಗೆಯಾದ ಒಂದು ಫೆಬ್ರವರಿಯಲ್ಲಿ, ಮೂರು ದಿನ ಪೂರ್ವದ ಬಿಸಿಗಾಳಿ ಬೀಸಿದ ಮೇಲೆ ಅವರ ಹೊಲದಾಚೆಯ ಕಾಡಿಗೆ ಬೆಂಕಿ ಬಿತ್ತು. ಅಪ್ಪ, ಅಮ್ಮ, ಮಕ್ಕಳು ಕುರಿಗಳಿಗೆ ನೀರು ನಿಲ್ಲಿಸಿದ್ದ ಹೊಂಡದಲ್ಲಿ ಕತ್ತಿನವರೆಗೆ ಮುಳುಗಿ, ತಲೆಯ ಮೇಲೆ ಒದ್ದೆ ಗೋಣಿಚೀಲ ಹೊದ್ದು ನಿಂತು, ತಮ್ಮ ಮನೆ ಉರಿಯುವುದನ್ನು ನೋಡಿದರು. ಮರುದಿನ ಅಪ್ಪ ಬೂದಿಯ ಮುಂದೆ ನಿಂತು ಒಂದೇ ಮಾತು ಹೇಳಿದ: "ಮನೆ ಸುತ್ತ ಎಲೆ ಬಿದ್ದಿತ್ತು. ಅದನ್ನೇ ಮೆಟ್ಲು ಮಾಡ್ಕೊಂಡು ಬಂತು." ಆ ಮಾತು ಹುಡುಗಿಯ ಎದೆಯಲ್ಲಿ ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತು. ಅವತ್ತಿನಿಂದ ನೆಲದ ಮೇಲೆ ಒಣಗಿದ ಎಲೆ ಕಂಡರೆ ಅವಳಿಗೆ ಸಮಾಧಾನವಿಲ್ಲ.

ಇಪ್ಪತ್ತೆರಡನೆಯ ವಯಸ್ಸಿಗೆ ವೆರ್ನಾ, ಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸದಲ್ಲಿದ್ದ ರಾಸ್‌ನನ್ನು ಮದುವೆಯಾಗಿ ಆ ಕಡೆಯ ಮನೆಗೆ ಬಂದಳು. ಅದಕ್ಕೆ ಮುಂಚೆ ಅಲ್ಲಿದ್ದ ಮನುಷ್ಯ ಮಹಾ ಅಜಾಗರೂಕ. ಹಿತ್ತಲಲ್ಲಿ ಕಸ ಸುಡಲು ಹೋಗಿ ಎಕರೆಗೆ ಎಕರೆಯನ್ನೇ ಸುಟ್ಟಿದ್ದ. ಮರಗಳ ಬುಡವೆಲ್ಲ ಕರಿ ಹಿಡಿದಿತ್ತು. ವೆರ್ನಾ ಅವನನ್ನು ಶಪಿಸುತ್ತಲೇ ಸಾಮಾನು ಇಳಿಸಿದಳು. ಆದರೆ ಸೆಪ್ಟೆಂಬರಿನಲ್ಲಿ, ಮಳೆಗಾಲ ಮುಗಿದು ಬಿಸಿಲು ಎಳೆಯದಾಗಿದ್ದ ಒಂದು ಬೆಳಿಗ್ಗೆ, ಹಿಂಬಾಗಿಲು ತೆರೆದವಳು ಕೈಯಲ್ಲಿದ್ದ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಕೆಳಗಿಟ್ಟಳು. ಇಡೀ ಕಾಡಿನ ನೆಲ ಕಾಂಗರೂ ಪಂಜದ ಹೂವಿನಿಂದ ತುಂಬಿತ್ತು. ಸೊಂಟದೆತ್ತರದ ಕೆಂಪು ಮಖಮಲ್ಲಿನ ಕಾಂಡ, ಅದರ ತುದಿಯಲ್ಲಿ ಹಸಿರು ಮಖಮಲ್ಲಿನ ಹೂ, ಅರಳಿದ ಹೂವಿನ ಅಂಚಿನಲ್ಲಿ ಸಣ್ಣ ಉಗುರುಗಳ ಸಾಲು. ಕಾಂಗರೂ ತನ್ನ ಮುಂಗೈ ಚಾಚಿ ಏನೋ ಕೇಳಿದ ಹಾಗೆ. ರಾಸ್ ಒಂದನ್ನು ಕಿತ್ತು ಹೆಂಡತಿಯ ಮುಡಿಗೆ ಸಿಕ್ಕಿಸಹೋದ. ಅದರ ರೋಮ ಮೂಗಿಗೆ ಹೋಗಿ ಅವಳು ಹದಿನಾಲ್ಕು ಸಲ ಸೀನಿದಳು.

ಅವತ್ತಿನಿಂದ ಆ ಎಕರೆ ಅವಳ ಜೀವ. ಕೂಲ್ಜಿನಪ್ಪಿನಲ್ಲಿ ಸೆಪ್ಟೆಂಬರಿನ ಮೂರನೆಯ ವಾರ ಊರ ಸಭಾಂಗಣದಲ್ಲಿ ಕಾಡುಹೂಗಳ ಪ್ರದರ್ಶನ ಇರುತ್ತದೆ. ಸುತ್ತಲಿನ ಹೊಲ, ಗುಡ್ಡ, ಜೌಗಿನಿಂದ ಜನ ಒಂದೊಂದು ರೆಂಬೆ ತರುತ್ತಾರೆ. ಅವನ್ನು ಜಾಮಿನ ಖಾಲಿ ಜಾಡಿಗಳಲ್ಲಿ ನೀರು ಹಾಕಿ ನಿಲ್ಲಿಸಿ, ಹೆಸರು ಮತ್ತು ತಂದ ಜಾಗ ಬರೆದ ಚೀಟಿ ಇಡುತ್ತಾರೆ. ಬಾಗಿಲ ಬಳಿಯ ಮೊದಲ ಜಾಡಿ ಮಾತ್ರ ಪಂಜದ ಹೂವಿಗೆ ಮೀಸಲು. ಮದುವೆಯಾದ ಮರುವರ್ಷ ವೆರ್ನಾ ಇಪ್ಪತ್ತು ಕಾಂಡ ಕೊಯ್ದು ಆ ಜಾಡಿ ತುಂಬಿಸಿದಳು. ಆಮೇಲೆ ಐವತ್ತು ವರ್ಷ ಆ ಜಾಗಕ್ಕೆ ಬೇರೆಯವರ ಹೂ ಬರಲಿಲ್ಲ. ಮಗಳು ಜ್ಯಾನಿಸ್ ಹುಟ್ಟಿದ ವರ್ಷ ಆಸ್ಪತ್ರೆಯ ಹಾಸಿಗೆಯಿಂದಲೇ, ಯಾವ ಗುಂಪಿನಿಂದ ಎಷ್ಟು ಕೊಯ್ಯಬೇಕೆಂದು ರಾಸ್‌ಗೆ ಹೇಳಿ ಕಳಿಸಿದ್ದಳು.

ಹೂ ಕಡಿಮೆಯಾಗಿದ್ದು ಒಂದೇ ವರ್ಷದಲ್ಲಲ್ಲ. ನೂರಿದ್ದದ್ದು ಐವತ್ತಾಯಿತು, ಐವತ್ತು ಹನ್ನೊಂದಾಯಿತು. ಎಲೆಗಳ ಮೇಲೆ ಶಾಯಿ ಚೆಲ್ಲಿದಂತೆ ಕಪ್ಪು ಮಚ್ಚೆ ಬಂದವು. ವೆರ್ನಾ ಬೇಸಿಗೆಯಲ್ಲಿ ಸಂಜೆ ಸಂಜೆ ನೀರು ಹಾಕಿದಳು. ಮಚ್ಚೆ ಹೆಚ್ಚಾಯಿತು. ಬಸವನಹುಳು ಒಂದೊಂದಾಗಿ ಆರಿಸಿದಳು. ಮತ್ತಷ್ಟು ಶುಚಿಯಾಗಿ ಗುಡಿಸಿದಳು. ಕೊನೆಗೆ ಒಂದು ಸೆಪ್ಟೆಂಬರಿನಲ್ಲಿ ಎಕರೆಗೆಲ್ಲ ಮೂರೇ ಕಾಂಡ ಎದ್ದವು, ಅವೂ ಕುಗ್ಗಿಕೊಂಡು ಮೊಣಕಾಲೆತ್ತರಕ್ಕೆ ನಿಂತವು.

ಅದೇ ವರ್ಷ ರಾಸ್‌ನ ಸೊಂಟ ಕೈಕೊಟ್ಟಿತು. ಆಲ್ಬನಿ ಪಟ್ಟಣದಲ್ಲಿ ಆಸ್ಪತ್ರೆಯ ಹತ್ತಿರ, ಮೆಟ್ಟಿಲಿಲ್ಲದ ಎರಡು ಕೋಣೆಯ ಮನೆಯೊಂದು ಮುಂದಿನ ವರ್ಷದ ಸೆಪ್ಟೆಂಬರ್ ಕೊನೆಗೆ ಖಾಲಿಯಾಗುವುದೆಂದು ಗೊತ್ತಾಯಿತು. ಸಮುದ್ರ ಕಾಣುತ್ತದೆ, ಜ್ಯಾನಿಸಳ ಮನೆ ಎರಡು ಬೀದಿಯಾಚೆ. ವೆರ್ನಾ ಒಪ್ಪಿದಳು, ಖುಷಿಯಾಗಿಯೇ ಒಪ್ಪಿದಳು. ಆದರೆ ಒಂದು ಮಾತು ಹೇಳಿದಳು: "ಹೋಗೋದಕ್ಕೇನೂ ಬೇಜಾರಿಲ್ಲ ರಾಸ್. ಆದ್ರೆ ಜೀವ ಹೋಗಿರೋ ಹಿತ್ಲು ಬಿಟ್ಟು ಹೋಗಲ್ಲ. ಅದು ಚಿಗುರಿದ್ದು ನೋಡಿ ಹೋಗ್ತೀನಿ."

"ಒಂದು ವರ್ಷ ಇದೆ" ಎಂದ ರಾಸ್.

ಮೂರೇ ಕಾಂಡ ಎದ್ದ ಆ ಸೆಪ್ಟೆಂಬರಿನ ಪ್ರದರ್ಶನಕ್ಕೆ ಅವಳು ಬರಿಗೈಯಲ್ಲಿ ಹೋದಳು. ಮೊದಲ ಜಾಡಿ ಖಾಲಿ ನಿಂತಿತ್ತು. ಅಷ್ಟರಲ್ಲಿ ಊರಿನ ಬೆಂಕಿ ಆರಿಸುವ ಪಡೆಯ ಮುಖ್ಯಸ್ಥ ಡೆನ್ಜಿಲ್ ಎಂಬ ರೈತ ತೋಳ್ತುಂಬ ಪಂಜದ ಹೂ ಹೊತ್ತು ಒಳಗೆ ಬಂದ. ಒಂದೊಂದು ಕಾಂಡವೂ ಅವನ ಎದೆಯೆತ್ತರ. ಸಭಾಂಗಣದಲ್ಲಿದ್ದವರೆಲ್ಲ ಸ್ಕೋನ್ ಬನ್ನಿಗೆ ಜಾಮ್ ಹಚ್ಚುವುದನ್ನು ಬಿಟ್ಟು ನೋಡಿದರು.

"ಇಷ್ಟು ಚೆನ್ನಾಗಿರೋದು ಎಲ್ಲಿ ಸಿಕ್ತೋ?" ಎಂದಳು ವೆರ್ನಾ. ಚೀಟಿ ಬರೆಯುವ ಕೆಲಸ ಅವಳದೇ, ಪೆನ್ನು ಕೈಯಲ್ಲಿತ್ತು.

ಡೆನ್ಜಿಲ್ ಟೋಪಿ ತೆಗೆದು ಕಿವಿ ಕೆರೆದುಕೊಂಡ. "ಹೇಳ್ಲೇಬೇಕಾ ಮಿಸೆಸ್ ಟ್ರೆಲೋರ್?"

"ಜಾಗ ಬರೀಬೇಕಲ್ಲಪ್ಪ."

"ಕಸದ ಗುಂಡಿ."

ಯಾರೋ ಫಕ್ಕನೆ ನಕ್ಕರು. ಚಹಾದ ಕೆಟಲು ಹಿಡಿದಿದ್ದ ಹೆಂಗಸೊಬ್ಬಳು, "ವೆರ್ನಾಳ ಕಾಡಿಗಿಂತ ನಮ್ಮೂರ ತಿಪ್ಪೆ ವಾಸಿ ಅಂತಾಯ್ತು" ಎಂದಳು. ವೆರ್ನಾಳ ಮುಖ ಪಂಜದ ಕಾಂಡದಷ್ಟೇ ಕೆಂಪಾಯಿತು. ಆದರೂ ಚೀಟಿಯ ಮೇಲೆ 'ಕಸದ ಗುಂಡಿ' ಎಂದು ಗುಂಡಗೆ ಬರೆದು ಜಾಡಿಯ ಮುಂದಿಟ್ಟಳು. ಬರೆಯುವುದರಲ್ಲಿ ಅವಳು ಯಾವತ್ತೂ ಸುಳ್ಳು ಹೇಳಿದವಳಲ್ಲ.

ಮರುದಿನ ಬೆಳಿಗ್ಗೆ ಬೇಲಿಯಾಚೆಯಿಂದ ಗ್ಲೆನಿಸ್ ಕರೆದಳು. ಊರಿಗೆಲ್ಲ ಅವಳು ಗ್ಲೆನಿಸ್ ಆಂಟಿ. ಆ ನೆಲದ ಮೂಲನಿವಾಸಿಗಳಾದ ನೂಂಗರ್ ಜನರ ಹಿರಿಯಳು, ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವಳು. ವೆರ್ನಾಳಿಗೆ ಮಾತ್ರ ಬರೀ ಗ್ಲೆನಿಸ್, ಏಕೆಂದರೆ ಇಬ್ಬರಿಗೂ ಒಂದೇ ವಯಸ್ಸು, ನಲವತ್ತು ವರ್ಷದಿಂದ ಇವಳ ನಿಂಬೆಹಣ್ಣು ಆ ಕಡೆಗೆ, ಅವಳ ಜಾಮು ಈ ಕಡೆಗೆ ಬೇಲಿ ದಾಟುತ್ತಿದ್ದವು.

"ಗುಂಡಿ ನೋಡ್ಕೊಂಡು ಬರೋಣ ಬಾ" ಎಂದಳು ಗ್ಲೆನಿಸ್. "ಮುಖ ಊದಿಸ್ಕೊಂಡು ಕೂತ್ರೆ ಏನು ಬಂತು?"

ಇಬ್ಬರೂ ರಾಸ್‌ನ ಹಳೆಯ ಗಾಡಿಯಲ್ಲಿ ಹೋದರು. ಒಡೆದ ಫ್ರಿಜ್ಜು, ಟೈರುಗಳ ರಾಶಿ ದಾಟಿದರೆ ಎಲೆ ಕಡ್ಡಿ ಸುರಿಯುವ ಮೂಲೆ. ಅದರ ಸುತ್ತ ಬೂದಿ ಬೆರೆತ ಮರಳಿನಲ್ಲಿ ನೂರಾರು ಪಂಜದ ಹೂ. ಜೇನು ಹೀರುವ ಹಕ್ಕಿಯೊಂದು ಕಾಂಡ ಬಗ್ಗಿಸಿ ಕೂತು ಹೂವಿನೊಳಗೆ ಕೊಕ್ಕು ತೂರಿಸುತ್ತಿತ್ತು, ತಲೆ ಎತ್ತಿದಾಗ ಅದರ ನೆತ್ತಿಯ ಮೇಲೆ ಹಳದಿ ಪರಾಗದ ಬೊಟ್ಟು.

"ಇದೆಲ್ಲ ನಿಂದೇ ಕಣೇ" ಎಂದಳು ಗ್ಲೆನಿಸ್.

"ನಂದು ಹೇಗಾಗತ್ತೆ?"

"ಈ ಮೂಲೇಲಿ ಎಲೆ ಸುರಿಯೋರು ಇನ್ಯಾರಿದಾರೆ? ಐವತ್ತು ವರ್ಷ ಎಲೆ ಜೊತೆ ಬೀಜಾನೂ ಗುಡಿಸಿ ತಂದು ಇಲ್ಲಿ ಹಾಕಿದೀಯ. ಡೆನ್ಜಿಲ್ ಕಡೆಯೋರು ವರ್ಷ ವರ್ಷ ಬೆಂಕಿ ಇಟ್ಟಿದಾರೆ. ನೀನು ಬಿತ್ತಿದೆ, ಅವರು ಎಬ್ಬಿಸಿದ್ರು. ಹೊಗೆ ಕುಡೀದೆ ಇದರ ಬೀಜ ಕಣ್ಣು ಬಿಡಲ್ಲ."

ಮದುವೆಯಾದ ಮೊದಲ ವರ್ಷದ ಕರಿ ಹಿಡಿದ ಮರದ ಬುಡಗಳು ಈಗ ವೆರ್ನಾಳ ಕಣ್ಣಿಗೆ ಕಟ್ಟಿದವು. ಆ ಅಜಾಗರೂಕ ಮನುಷ್ಯನೇ ಅವಳಿಗೆ ಅಷ್ಟು ಹೂ ಕೊಟ್ಟು ಹೋಗಿದ್ದ.

"ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?"

"ನೀನು ಕೇಳಿದ್ಯಾ?" ಗ್ಲೆನಿಸಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮಜ್ಜಿ ಕಾಡಿಗೆ ಬೆಂಕಿ ಕೊಟ್ರೆ ಪೊಲೀಸ್ನೋನು ಕುದುರೆ ಹತ್ಕೊಂಡು ಬರ್ತಿದ್ದ. ಕೇಳ್ದೆ ಇರೋರ ಹತ್ರ ಬೆಂಕಿ ಮಾತು ಎತ್ಬೇಡಿ ಅಂತ ಅಮ್ಮ ಹೇಳ್ಕೊಟ್ಟಿದ್ಲು. ಅದ್ರಲ್ಲೂ ನೀನು. ಬೆಂಕಿಕಡ್ಡಿ ಗೀರಿದ್ರೆ ಬೆಚ್ಚೋಳು."

"ಈಗ ಕೇಳ್ತಿದೀನಿ."

"ಈಗ ಹೇಳ್ತಿದೀನಿ. ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಸುಡೋಣ. ಆದ್ರೆ ಒಂದು ತೊಂದ್ರೆ ಇದೆ."

"ಏನು?"

"ನಿನ್ನ ಕಾಡಲ್ಲಿ ಉರಿಯೋಕೆ ಏನೂ ಇಲ್ಲ. ಊಟದ ಮೇಜಿನ ಹಾಗೆ ಇಟ್ಟಿದೀಯ. ಈ ಬೇಸಿಗೆ ಪೂರ್ತಿ ಗುಡಿಸ್ಬಾರ್ದು."

ಸುಡೋಣ ಎಂದಾಗಲೂ ಬೆಚ್ಚದಿದ್ದ ವೆರ್ನಾ ಈ ಮಾತಿಗೆ ಗಾಡಿಯ ಬಾನೆಟ್ಟಿಗೆ ಒರಗಿದಳು. ಬೇಸಿಗೆ ಎಂದರೆ ಜನವರಿ, ಫೆಬ್ರವರಿ, ಪೂರ್ವದ ಗಾಳಿ. ಹಿಂಬಾಗಿಲಿನಾಚೆ ಒಂದು ಎಕರೆ ಒಣಗಿದ ಎಲೆ.

ಮೂರು ದಿನ ಯೋಚನೆ ಮಾಡಿದಳು. ನಾಲ್ಕನೆಯ ದಿನ ಅವಳೇ ಡೆನ್ಜಿಲನಿಗೆ ಫೋನು ಮಾಡಿದಳು. ಅವನು ಟ್ರ್ಯಾಕ್ಟರ್ ತಂದು, ಮನೆಗೂ ಕಾಡಿಗೂ ನಡುವೆ ಹನ್ನೆರಡು ಹೆಜ್ಜೆ ಅಗಲಕ್ಕೆ ನೆಲವನ್ನು ಬೋಳು ಮರಳಾಗುವಂತೆ ಕೆರೆದು ಕೊಟ್ಟ. "ಇದನ್ನ ಬೇಕಾದ್ರೆ ದಿನಕ್ಕೆ ಮೂರು ಸಲ ಗುಡಿಸಿ ಮಿಸೆಸ್ ಟ್ರೆಲೋರ್" ಎಂದ. "ಆಚೆಗೆ ಮಾತ್ರ ಕಾಲಿಡ್ಬೇಡಿ."

ಆ ಬೇಸಿಗೆ ಕೂಲ್ಜಿನಪ್ಪಿನ ಜನ ಮರೆಯಲಾರದ್ದು. ಜಾರಾ ಮರಗಳು ಇಷ್ಟು ದಿನ ಕಾದಿದ್ದವೋ ಎಂಬಂತೆ ಎಲೆ ಸುರಿದವು. ವೆರ್ನಾಳ ಕೈ ನವೆಯಾಡಿತು. ಬೋಳು ಮರಳನ್ನು ಗುಡಿಸಿದಳು, ಮನೆಯ ಮುಂದಿನ ರಸ್ತೆ ಗುಡಿಸಿದಳು, ಚರ್ಚಿನ ಅಂಗಳ ಗುಡಿಸಿದಳು, ಗ್ಲೆನಿಸಳ ಜಗಲಿಗೂ ಹೋದಳು. "ನನ್ನ ಬೆಕ್ಕನ್ನೂ ಗುಡಿಸ್ಕೊಂಡು ಹೋಗ್ಬೇಡ ಮಾರಾಯ್ತಿ" ಎಂದು ಗ್ಲೆನಿಸ್ ಒಳಗಿಂದ ಕೂಗಿದಳು. ಅಂಗಡಿಯಲ್ಲಿ ಜನ "ವೆರ್ನಾಳ ಆರೋಗ್ಯ ಹೇಗಿದೆ?" ಎಂದು ರಾಸ್‌ನನ್ನು ಕೇಳಿದರು. ಗಾಳಿ ಪೂರ್ವಕ್ಕೆ ತಿರುಗಿದ ದಿನಗಳಲ್ಲಿ ಅವಳು ಹಿಂದಿನ ಮೆಟ್ಟಿಲ ಮೇಲೆ ನೀರಿನ ಪೈಪು ತೊಡೆಯ ಮೇಲಿಟ್ಟುಕೊಂಡು ಕೂರುವಳು. ರಾಸ್ ಕುಂಟುತ್ತ ಬಂದು ಪಕ್ಕದಲ್ಲಿ ಕೂತು, ಇಬ್ಬರ ತಟ್ಟೆಯನ್ನೂ ಅಲ್ಲಿಗೇ ತರುವನು. ತಣ್ಣನೆಯ ಕುರಿಮಾಂಸ, ಬೀಟ್ರೂಟು, ಬ್ರೆಡ್ಡು. ಫೆಬ್ರವರಿಯಲ್ಲಿ ಎರಡು ಸಲ ದೂರದಲ್ಲಿ ಹೊಗೆ ಎದ್ದಿತು. ಎರಡು ಸಲವೂ ಅವಳು ಎದ್ದು ಪೊರಕೆಯ ಹತ್ತಿರ ಹೋದಳು, ಮುಟ್ಟದೆ ವಾಪಸು ಬಂದಳು.

ಏಪ್ರಿಲ್ ಕೊನೆಯಲ್ಲಿ ಮಳೆ ಬಿತ್ತು. ಅದಾಗಿ ಐದನೆಯ ದಿನ, ಗಾಳಿಯಿಲ್ಲದ ಬೆಳಿಗ್ಗೆ, ಹುಲ್ಲಿನ ಮೇಲೆ ಇಬ್ಬನಿ ಇರುವಾಗಲೇ ಗ್ಲೆನಿಸ್ ಬಂದಳು. ಡೆನ್ಜಿಲ್ ಮತ್ತು ಅವನ ಇಬ್ಬರು ಜೊತೆಗಾರರು ನೀರಿನ ಟ್ಯಾಂಕರ್ ತಂದು ನಿಲ್ಲಿಸಿದರು. ವೆರ್ನಾ ಗೋಡೆಯನ್ನೆಲ್ಲ ನೆನೆಸಿ, ಪೈಪು ಹಿಡಿದು ಬೋಳು ಮರಳಿನ ಮೇಲೆ ನಿಂತಳು. ಗ್ಲೆನಿಸ್ ಒಣ ಎಲೆಯ ಒಂದು ಹಿಡಿಗೆ ಕಿಡಿ ಹತ್ತಿಸಿ, ಬಾಗಿ, ಮೂಲೆಯಲ್ಲೊಂದು, ನಡುವೆಯೊಂದು ಚುಕ್ಕೆ ಇಟ್ಟ ಹಾಗೆ ಬೆಂಕಿ ಇಡುತ್ತ ಹೋದಳು.

ಬೆಂಕಿ ಕಣಕಾಲೆತ್ತರ ಎದ್ದು, ಎಲೆಯಿಂದ ಎಲೆಗೆ ಮೆಲ್ಲಗೆ ದಾಟಿತು. ಅದರ ಮುಂದೆ ಹಲ್ಲಿಯೊಂದು ಅವಸರವಿಲ್ಲದೆ ನಡೆದು ಹೋಯಿತು.

"ಓಡ್ತಾನೇ ಇಲ್ವಲ್ಲ ಈ ಬೆಂಕಿ" ಎಂದಳು ವೆರ್ನಾ.

"ಓಡಿಸಿದ್ರೆ ಓಡತ್ತೆ, ನಡೆಸಿದ್ರೆ ನಡೆಯತ್ತೆ" ಎಂದಳು ಗ್ಲೆನಿಸ್. "ನೀನು ನೋಡಿದ್ದು ಹುಚ್ಚು ಹಿಡಿದಿದ್ದು. ಇದು ಬೇರೆ."

ಅಷ್ಟರಲ್ಲಿ ಒಣ ತೊಗಟೆಯೊಂದು ಚಟ್ಟೆಂದು ಸಿಡಿಯಿತು. ವೆರ್ನಾ ಬೆಚ್ಚಿ ಪೈಪನ್ನು ತಿರುಗಿಸಿದಳು, ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ರಾಸ್ ಅಡಿಯಿಂದ ಮುಡಿಯವರೆಗೆ ತೊಯ್ದುಹೋದ.

"ನಾನು ಉರೀತಿರ್ಲಿಲ್ಲ ಕಣೇ" ಎಂದ ರಾಸ್, ಬಟ್ಟಲಿನೊಳಗೆ ನೋಡುತ್ತ.

ಡೆನ್ಜಿಲ್ ನಕ್ಕು ನಕ್ಕು ಟ್ಯಾಂಕರ್ ಹಿಡಿದುಕೊಂಡ. ವೆರ್ನಾಳೂ ನಕ್ಕಳು. ಹಾಗೆ ನಗುವಾಗಲೇ, ಬೆಂಕಿಗೆ ಬೆನ್ನು ಹಾಕಿ ನಿಂತಿದ್ದೇನೆಂದು ಅವಳಿಗೆ ಹೊಳೆಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಎಲ್ಲ ಮುಗಿದಿತ್ತು.

ಆಮೇಲಿನದು ಕಾಯುವ ಕೆಲಸ. ಮೇ ತಿಂಗಳಿಡೀ ಕಿಟಕಿಯಾಚೆ ಕಪ್ಪು ನೆಲ, ಮತ್ತೇನಿಲ್ಲ. "ಕೊಂದ್ಬಿಟ್ಟೆವಾ?" ಎಂದು ಬೇಲಿಯ ಹತ್ತಿರ ಹೋಗಿ ಕೇಳುವಳು. "ಮಲಗಿರೋದನ್ನ ಎಬ್ಬಿಸಿದೀವಿ. ಎದ್ದ ತಕ್ಷಣ ಯಾರು ಡಾನ್ಸ್ ಮಾಡ್ತಾರೆ?" ಎಂದು ಗ್ಲೆನಿಸ್ ಒಳಗೆ ಹೋಗುವಳು. ಜೂನಿನ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ವೆರ್ನಾ ಛತ್ರಿ ಹಿಡಿದು ಕುಕ್ಕರಗಾಲಲ್ಲಿ ಕೂತು ನೋಡಿದಾಗ, ಸತ್ತೇ ಹೋಗಿತ್ತೆಂದುಕೊಂಡಿದ್ದ ಒಂದು ಹಳೆಯ ಬುಡದಿಂದ ಬೀಸಣಿಗೆಯ ಹಾಗೆ ಹರಡಿದ ನಾಲ್ಕು ಎಲೆ ಮೇಲೆದ್ದಿದ್ದವು. ಒಂದೂ ಮಚ್ಚೆಯಿಲ್ಲ. ಛತ್ರಿ ಬದಿಗಿಟ್ಟು ಇನ್ನೂ ಬಗ್ಗಿದಳು. ಬೂದಿಯ ನಡುವೆ, ಉಗುರಿನಷ್ಟು, ಅದೇ ಬೀಸಣಿಗೆಯ ಆಕಾರ. ಅಲ್ಲೊಂದು, ಇಲ್ಲೊಂದು. ಕಣ್ಣು ಪಳಗಿದ ಮೇಲೆ ಎಲ್ಲೆಲ್ಲೂ ಅವೇ. ಇಷ್ಟು ಗುಡಿಸಿಯೂ ಅವಳ ಕೈಗೆ ಸಿಗದೆ ಮರಳಿನೊಳಗೆ ಇಳಿದು ಕೂತಿದ್ದ ಬೀಜಗಳು.

ನೆನೆದ ತಲೆಯಲ್ಲೇ ಒಳಗೆ ಬಂದು ರಾಸ್‌ನ ಎದುರು ಕೂತಳು. "ಆಲ್ಬನಿಯವರಿಗೆ ಹೇಳ್ಬಿಡು" ಎಂದಳು. "ಬರ್ತೀವಿ ಅಂತ."

ಸೆಪ್ಟೆಂಬರಿನಲ್ಲಿ ಹಳೆಯ ಬುಡಗಳಿಂದ ಇಪ್ಪತ್ತಮೂರು ಕಾಂಡ ಎದ್ದು ಅರಳಿದವು, ಎತ್ತರಕ್ಕೆ, ಕೆಂಪಗೆ. ಪ್ರದರ್ಶನದ ಮೊದಲ ಜಾಡಿಗೆ ವೆರ್ನಾ ಅವುಗಳಲ್ಲಿ ಒಂದನ್ನೂ ಕೊಯ್ಯಲಿಲ್ಲ. "ಬೀಜ ಕಟ್ಲಿ" ಎಂದಳು. ಆ ಜಾಡಿಗೆ ಈ ಸಲವೂ ಕಸದ ಗುಂಡಿಯಿಂದಲೇ ಹೂ ಬಂತು. ಡೆನ್ಜಿಲ್ ಚೀಟಿ ಬರೆಯಹೋದರೆ ವೆರ್ನಾ ಕಸಿದುಕೊಂಡು ತಾನೇ ಬರೆದಳು, ಕೆಳಗೆ ಸಣ್ಣಗೆ 'ಬಿತ್ತಿದವಳು ವೆರ್ನಾ ಟ್ರೆಲೋರ್' ಎಂದು ಸೇರಿಸಿದಳು.

ಹೊರಡುವ ದಿನ ಬೆಳಿಗ್ಗೆ ಜ್ಯಾನಿಸ್ ಕಾರು ತಂದಳು. ಸಾಮಾನು ಹಿಂದಿನ ದಿನವೇ ಹೋಗಿತ್ತು. ಮನೆಗೆ ಬರುವವರು ಶಾಲೆಯ ಹೊಸ ಮೇಷ್ಟ್ರು ಮತ್ತು ಅವನ ಹೆಂಡತಿ. ಗ್ಲೆನಿಸ್ ಆಗಲೇ ಅವರನ್ನು ಕಂಡು ಮಾತಾಡಿ ಬಂದಿದ್ದಳು.

"ಏನಂದೆ ಅವರಿಗೆ?" ವೆರ್ನಾ ಖಾಲಿ ಅಡುಗೆಮನೆಯಲ್ಲಿ ನಿಂತು ಕೇಳಿದಳು.

"ಎಂಟು ವರ್ಷ ಆದ್ಮೇಲೆ ಬೆಂಕಿ ತಗೊಂಡು ಬರ್ತೀನಿ ಅಂದೆ."

"ಆಗ ನಿಂಗೆ ಎಂಬತ್ನಾಲ್ಕು ಕಣೇ."

"ಒಂದು ಕುರ್ಚಿ ಹಾಕಿಡಿ ಅಂತಾನೂ ಹೇಳಿದೀನಿ. ನಮ್ಮ ತಂಗಿ ಮೊಮ್ಮಗಳು ಹಚ್ತಾಳೆ, ನಾನು ಬೈತಿರ್ತೀನಿ." ಗ್ಲೆನಿಸ್ ಹೊರಗೆ ಕಣ್ಣು ಹಾಯಿಸಿದಳು. "ಮುಂದಿನ ಸೆಪ್ಟೆಂಬರ್‌ಗೆ ಈ ಮರಿಗಳೆಲ್ಲ ಹೂ ಬಿಡ್ತಾವೆ. ನಿಂಗೆ ನಿಲ್ಲೋಕೂ ಜಾಗ ಇರಲ್ಲ."

"ನಾನು ಆಗ ನೋಡೋಕೆ ಬಂದ್ರೆ ಊಟಕ್ಕೇನು ಮಾಡ್ತೀಯ?"

"ಬರೋಳು ನೀನು. ಏನಾದ್ರೂ ತಗೊಂಡು ಬಾ."

ಮುಂದಿನ ರಸ್ತೆಯಿಂದ ಕಾರಿನ ಹಾರ್ನು ಕೇಳಿಸಿತು, ರಾಸ್‌ನದೇ ಕೈ. ವೆರ್ನಾ ಬೀಗದ ಕೈಯನ್ನು ಗ್ಲೆನಿಸಳ ಅಂಗೈಯಲ್ಲಿಟ್ಟು, ಮುಂಬಾಗಿಲ ಕಡೆಗೆ ಹೋಗದೆ ಹಿಂಬಾಗಿಲಿನಿಂದ ಇಳಿದಳು. ಬೋಳು ಮರಳು ದಾಟಿ, ಪುಟ್ಟ ಬೀಸಣಿಗೆಗಳ ಮೇಲೆ ಕಾಲು ಬೀಳದಂತೆ ಲಂಗ ಎತ್ತಿ ಹಿಡಿದು, ಅರಳಿದ ಕಾಂಡಗಳ ನಡುವೆ ಸುತ್ತಿಕೊಂಡು, ಎರಡು ಸಲ ಸೀನಿ, ಮನೆಯ ಪಕ್ಕದಿಂದ ರಸ್ತೆಗೆ ಬಂದು ಕಾರಿನ ಬಾಗಿಲು ತೆರೆದಳು.